ಅಳತೆಗೆ ತಕ್ಕ ಬ್ಯಾಟು

ಕಳೆದ ವರ್ಷ ಚಾಮರಾಜನಗರದ ಅಂಗಡಿಯೊಂದರಲ್ಲಿ ಆರನೆಯ ತರಗತಿಯ ಮಗನಿಗೆ ದೊಡ್ಡವರ ಬ್ಯಾಟನ್ನೇ ಕೊಂಡೆ. ಬೆಳೆಯುವ ಹುಡುಗ, ನಾಲ್ಕು ವರ್ಷ ಬರಲಿ ಎಂಬುದು ನನ್ನ ಲೆಕ್ಕ. ತಾಳವಾಡಿಯ ನಾವು ಸಮವಸ್ತ್ರವನ್ನೂ ಹೀಗೆಯೇ ಕೊಳ್ಳುತ್ತೇವಷ್ಟೆ.

ಕೊಯ್ಲಾದ ರಾಗಿ ಹೊಲದಲ್ಲಿ ಅವನ ಆಟವನ್ನು ಒಂದು ಸಂಜೆ ನಿಂತು ನೋಡಿದೆ. ಅವನು ಬ್ಯಾಟು ಎತ್ತುವಷ್ಟರಲ್ಲಿ ಚೆಂಡು ವಿಕೆಟ್ಟಿಗೆ ತಾಗಿರುತ್ತಿತ್ತು. ಕೆಲವೇ ದಿನಗಳಲ್ಲಿ, “ನಂಗೆ ಆಟ ಬರಲ್ಲ ಕಣಪ್ಪ” ಎಂದು ಅದನ್ನು ಮೂಲೆಗಿಟ್ಟ.

ವಕೀಲನಾದ ನಾನು ಕ್ರಿಕೆಟ್ ನಿಯಮಾವಳಿಯನ್ನು ತೆರೆದೆ. ಐದನೆಯ ನಿಯಮದಂತೆ ಬ್ಯಾಟಿನ ಉದ್ದ 38 ಅಂಗುಲವನ್ನೂ ಅಗಲ 4.25 ಅಂಗುಲವನ್ನೂ ಮೀರಕೂಡದು. ಗರಿಷ್ಠ ಮಿತಿಯೇನೋ ಉಂಟು. ಯಾವ ಮಗುವಿಗೆ ಯಾವ ಅಳತೆ ಎಂಬುದನ್ನು ಹೆತ್ತವರೇ ನೋಡಬೇಕು. ದೋಷ ಮಗನದಲ್ಲ, ನನ್ನ ಲೆಕ್ಕದ್ದು.

ಮಕ್ಕಳ ಬ್ಯಾಟುಗಳು 1ರಿಂದ 6ರವರೆಗಿನ ಸಂಖ್ಯೆಗಳಲ್ಲಿ ದೊರೆಯುತ್ತವೆ. ಪರೀಕ್ಷೆ ಸುಲಭ. ಆಡುವ ಭಂಗಿಯಲ್ಲಿ ಬ್ಯಾಟನ್ನು ಪಾದದ ಪಕ್ಕದಲ್ಲಿ ಊರಿದಾಗ ಹಿಡಿಯ ತುದಿ ತೊಡೆಯ ಮೇಲ್ಭಾಗಕ್ಕೆ ಬರಬೇಕು. ಹಿಡಿಯ ಮೇಲ್ತುದಿಯನ್ನು ಹಿಡಿಯುವ ಕೈಯೊಂದರಿಂದಲೇ ಅದನ್ನು ಆಯಾಸವಿಲ್ಲದೆ ಎತ್ತಲಾಗಬೇಕು.

ಈ ಬಾರಿ ಅವನನ್ನೇ ಕರೆದೊಯ್ದು ಐದನೆಯ ಸಂಖ್ಯೆಯದನ್ನು ಕೊಂಡೆ. ಎರಡು ವರ್ಷಕ್ಕೆ ಚಿಕ್ಕದಾದೀತು. ಆಗ ತಂಗಿ ಆಡಲಿ. ಮಗ ಮತ್ತೆ ಹೊಲಕ್ಕೆ ಹೋಗುತ್ತಿದ್ದಾನೆ.