ಅಂಟೋ, ಟೇಪೋ?

ಬಾಗಲಕೋಟೆ ಜಿಲ್ಲೆಯಲ್ಲಿ ಹುಡುಗರಿಗೆ ಸೈಕಲ್ ಓಟದ ತರಬೇತಿ ಕೊಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಫೋನ್ ಮಾಡಿದ್ದ. ಹೆಸರು ಬರೆಯುವುದಿಲ್ಲ, ಅವನ ಬ್ಯಾಚಿನವರಿಗೆ ಊಹಿಸುವುದು ಕಷ್ಟವಾಗದು. ಕುಶಲೋಪರಿಯೆಲ್ಲ ಮುಗಿದ ಮೇಲೆ, “ಸರ್, ಟ್ಯೂಬುಲರ್ ಟೈರಿಗೆ ಅಂಟು ಹಚ್ಚೂದು ಛಲೋನೋ, ಟೇಪ್ ಹಚ್ಚೂದು ಛಲೋನೋ? ಇಬ್ಬರು ಮೆಕ್ಯಾನಿಕ್ ಎರಡು ಥರಾ ಹೇಳ್ತಾರ್ರಿ. ನಮಗ ವಿಜ್ಞಾನ ಕಲಿಸಿದವರು ನೀವು, ನೀವಽ ಹೇಳ್ರಿ” ಎಂದು ಕೇಳಿದ. ಯಾರೋ ಬಳಸಿ ಬಿಟ್ಟ ನಾಲ್ಕು ಜೊತೆ ಗಾಲಿಗಳು ಅವನಿಗೆ ಕಡಿಮೆ ಬೆಲೆಗೆ ಸಿಕ್ಕಿವೆ. ಅವುಗಳ ಮೇಲೆ ಕೂರುವವರು ಹದಿನಾಲ್ಕರಿಂದ ಹದಿನೇಳು ವಯಸ್ಸಿನ ಮಕ್ಕಳು. ಫೋನಿನಲ್ಲಿ ನಾನು ಹೇಳಿದ್ದು ಅರ್ಧ ಮಾತ್ರ. ಉಳಿದರ್ಧವನ್ನು ಅವನಿಗೂ, ಇಂಥ ಗಾಲಿಗಳನ್ನು ಮನೆಗೆ ತಂದಿರುವ ಮತ್ತೆ ಕೆಲವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸೈಕಲ್ ಓಟದ ಹುಚ್ಚು ಹಳೆಯದು. ಜಾತ್ರೆಯ ಸೈಕಲ್ ಶರ್ಯತ್ತು ನೋಡದೆ ಬೆಳೆದವರು ಅಲ್ಲಿ ಕಡಿಮೆ. ಆದರೆ ಟ್ಯೂಬುಲರ್ ಟೈರೆಂದರೆ ಏನೆಂದು ನಮ್ಮ ಬಂಧುಗಳಲ್ಲಿ ಅನೇಕರಿಗೆ ಗೊತ್ತಿರಲಾರದು. ಮನೆಯ ಸೈಕಲ್ಲಿನ ಟೈರಿಗೆ ಎರಡೂ ಅಂಚಿನಲ್ಲಿ ತಂತಿ ಇರುತ್ತದೆ. ಆ ಅಂಚು ರಿಮ್ಮಿನ ಮಡಿಕೆಯೊಳಗೆ ಸಿಕ್ಕಿಕೊಂಡು ಕೂರುತ್ತದೆ, ಒಳಗೆ ಟ್ಯೂಬು ಬೇರೆ. ಟ್ಯೂಬುಲರಿನಲ್ಲಿ ಹಾಗಲ್ಲ. ಟ್ಯೂಬನ್ನು ಬಟ್ಟೆಯ ಕವಚದೊಳಗಿಟ್ಟು ಸುತ್ತಲೂ ಹೊಲಿದು, ಹೊಲಿಗೆಯ ಮೇಲೊಂದು ಬಟ್ಟೆಯ ಪಟ್ಟಿ ಅಂಟಿಸಿರುತ್ತಾರೆ. ನೀರಿನ ಕೊಡಕ್ಕೆ ಆಧಾರವಾಗಿ ಹೆಂಗಸರು ತಲೆಯ ಮೇಲಿಡುತ್ತಿದ್ದ ಸಿಂಬಿಯನ್ನು ನೆನೆಸಿಕೊಳ್ಳಿ, ಅದನ್ನೇ ಗಾಲಿಯ ಅಳತೆಗೆ ಹಿಗ್ಗಿಸಿ. ಇದಕ್ಕೆ ತಕ್ಕ ರಿಮ್ಮಿಗೆ ಮಡಿಕೆಯೇ ಇಲ್ಲ. ದೋಣಿಯ ತಳದಂತೆ ಆಳವಿಲ್ಲದ ಒಂದು ತಗ್ಗು ಮಾತ್ರ ಇದೆ. ಸಿಂಬಿ ಆ ತಗ್ಗಿನಲ್ಲಿ ಅಂಟಿನ ಬಲದಿಂದ ನಿಲ್ಲಬೇಕು. ಮಡಿಕೆ ಇಲ್ಲದ್ದರಿಂದ ರಿಮ್ಮು ಹಗುರ. ಕಲ್ಲಿಗೆ ಹೊಡೆದಾಗ ರಿಮ್ಮಿನ ಅಂಚಿಗೆ ಸಿಕ್ಕಿ ಟ್ಯೂಬು ಕತ್ತರಿಸುವುದು ಕಡಿಮೆ. ಅದಕ್ಕಾಗಿಯೇ ದೊಡ್ಡ ಓಟಗಳಲ್ಲಿ ದಶಕಗಳ ಕಾಲ ಇದೇ ಟೈರು ಆಳಿತು. ಈಗ ರಸ್ತೆ ಓಟದ ಹಿರಿಯ ತಂಡಗಳು ಬಹುಮಟ್ಟಿಗೆ ಟ್ಯೂಬಿಲ್ಲದ ಟೈರುಗಳಿಗೆ ಹೊರಳಿವೆ. ಅವರು ಬಿಟ್ಟ ಗಾಲಿಗಳು ಅಗ್ಗವಾಗಿ ನಮ್ಮ ಹುಡುಗರ ಕೈಗೆ ಬರುವುದರ ಗುಟ್ಟೂ ಇದೇ ಇರಬೇಕು.

ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಬಲ ಒಂದಲ್ಲ, ಎರಡು. ಇದನ್ನು ಮೊದಲು ತಿಳಿಯಬೇಕು. ಕವಚದ ನೂಲುಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ಗಾಳಿ ತುಂಬಿದಾಗ ಟೈರು ದಪ್ಪವಾಗುತ್ತ ತನ್ನ ಸುತ್ತಳತೆಯನ್ನು ಕುಗ್ಗಿಸಿಕೊಳ್ಳಲು ಹವಣಿಸುತ್ತದೆ, ಅಂದರೆ ರಿಮ್ಮನ್ನು ಅಪ್ಪಿ ಹಿಡಿಯುತ್ತದೆ. ಅಂಟೇ ಹಚ್ಚದ ಟೈರಿಗೂ ಪೂರ್ತಿ ಗಾಳಿ ತುಂಬಿ ಹಿಡಿದು ನೋಡಿದರೆ ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ಮೋಸವಿರುವುದು ಇಲ್ಲಿಯೇ. ತಿರುವಿನಲ್ಲಿ ಸೈಕಲ್ಲು ವಾಲಿದಾಗ ಟೈರನ್ನು ಪಕ್ಕಕ್ಕೆ ಉರುಳಿಸುವ ಬಲ ಹುಟ್ಟುತ್ತದೆ. ಅದನ್ನು ತಡೆಯುವುದಕ್ಕೆ ಈ ಅಪ್ಪುಗೆ ಸಾಲದು, ಅಂಟೂ ಬೇಕು. ಇಳಿಜಾರಿನಲ್ಲಿ ಪಂಕ್ಚರ್ ಆಯಿತೆನ್ನಿ, ಅಪ್ಪುಗೆ ಪೂರ್ತಿ ಹೋಗುತ್ತದೆ. ಆಗ ಹುಡುಗನಿಗೂ ಡಾಂಬರಿಗೂ ನಡುವೆ ಉಳಿಯುವುದು ಅಂಟೊಂದೇ.

ಎರಡನೆಯ ಮಾತು ಶಾಖದ್ದು. ಒಂಬತ್ತನೆಯ ತರಗತಿಯಲ್ಲಿ ಶಕ್ತಿ ಸಂರಕ್ಷಣೆಯ ಪಾಠ ಮಾಡುವಾಗ ಸೈಕಲ್ಲಿನ ಉದಾಹರಣೆಯನ್ನು ನಾನು ಬಿಟ್ಟದ್ದೇ ಇಲ್ಲ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದು, 500 ಮೀಟರ್ ಎತ್ತರದ ಘಾಟಿಯನ್ನು ಇಳಿದರೆ ಎಂ ಜಿ ಎಚ್ ಲೆಕ್ಕದಲ್ಲಿ ಸುಮಾರು 3,92,000 ಜೂಲ್. ರಬ್ಬರ್ ಗುಂಡಿ ರಿಮ್ಮನ್ನೇ ಹಿಡಿಯುವ ಬ್ರೇಕಾದರೆ, ಗಾಳಿಯ ತಡೆಗೆ ಹೋದದ್ದನ್ನು ಬಿಟ್ಟು ಮಿಕ್ಕದ್ದರಲ್ಲಿ ಬಹುಪಾಲು ರಿಮ್ಮಿನ ಶಾಖವಾಗುತ್ತದೆ. ಎರಡು ಅಲ್ಯೂಮಿನಿಯಂ ರಿಮ್ಮುಗಳ ತೂಕ ಒಟ್ಟು 900 ಗ್ರಾಂ ಎನ್ನೋಣ. ಆ ಶಾಖವೆಲ್ಲ ಅವುಗಳಲ್ಲೇ ಉಳಿದರೆ ತಾಪ 480 ಡಿಗ್ರಿಗೂ ಹೆಚ್ಚು ಏರಬೇಕು! ಹಾಗೆ ಏರುವುದಿಲ್ಲ, ಬೀಸುವ ಗಾಳಿ ಕ್ಷಣಕ್ಷಣಕ್ಕೂ ಅದನ್ನು ಹೊತ್ತೊಯ್ಯುತ್ತದೆ. ಆದರೂ ಉದ್ದಕ್ಕೂ ಬ್ರೇಕು ಹಿಡಿದೇ ಇಳಿದವನು ಕೆಳಗೆ ಬಂದು ರಿಮ್ಮು ಮುಟ್ಟಿದರೆ ಕೈ ಸುಡುವುದುಂಟು. ಅಂಟು ಕೂತಿರುವುದು ಆ ಲೋಹದ ಮೇಲೆಯೇ.

ಮೆತ್ತಗಾದ ಅಂಟು ಒಮ್ಮೆಲೇ ಬಿಡುವುದಿಲ್ಲ. ಬ್ರೇಕು ಬಿದ್ದಾಗ ರಿಮ್ಮು ನಿಧಾನವಾಗುತ್ತದೆ, ಟೈರು ಮುಂದಕ್ಕೆ ಜಾರಲು ನೋಡುತ್ತದೆ. ಕೂದಲೆಳೆಯಷ್ಟು ಜಾರುತ್ತ ಜಾರುತ್ತ ವಾಲ್ವು ರಂಧ್ರದಲ್ಲಿ ಓರೆಯಾಗುತ್ತದೆ. ಓರೆಯಾದ ವಾಲ್ವು ಕಂಡರೆ ಆ ಗಾಲಿಯನ್ನು ಅಂದೇ ಬಿಚ್ಚಿಡಬೇಕು.

2003ರ ಟೂರ್ ದ ಫ್ರಾನ್ಸ್ ಓಟದಲ್ಲಿ ನಡೆದದ್ದನ್ನು ನನ್ನ ಶಿಷ್ಯರಲ್ಲಿ ಕೆಲವರಾದರೂ ಟಿವಿಯಲ್ಲಿ ನೋಡಿರಬಹುದು. ಅಂದು ಜುಲೈ 14, ಒಂಬತ್ತನೆಯ ಹಂತ. ಯುರೋಪು ಆ ವರ್ಷ ಬಿಸಿಲಿಗೆ ಬೆಂದುಹೋಗಿತ್ತು. ಗ್ಯಾಪ್ ಎಂಬ ಊರಿನತ್ತ ಇಳಿಯುವ ರಸ್ತೆಯ ಡಾಂಬರು ಕರಗಿತ್ತು. ಹಿಂದಿನ ವರ್ಷ ಎರಡನೆಯ ಸ್ಥಾನ ಪಡೆದಿದ್ದ ಸ್ಪೇನಿನ ಹೊಸೆಬಾ ಬೆಲೋಕಿ ತಿರುವಿನ ಮುಂಚೆ ಬ್ರೇಕು ಹಿಡಿದ. ಹಿಂದಿನ ಗಾಲಿ ಜಾರಿತು, ಟೈರು ರಿಮ್ಮಿನಿಂದ ಕಳಚಿತು, ಅವನು ಬಿದ್ದ. ಬಲತೊಡೆಯ ಮೂಳೆ, ಮೊಣಕೈ, ಮಣಿಕಟ್ಟು ಮೂರೂ ಮುರಿದವು. ಹಿಂದೆಯೇ ಬರುತ್ತಿದ್ದ ಆರ್ಮ್‌ಸ್ಟ್ರಾಂಗ್ ಹೊಲಕ್ಕೆ ನುಗ್ಗಿ, ಆಚೆ ಬದಿಯಲ್ಲಿ ಮತ್ತೆ ರಸ್ತೆ ಸೇರಿಕೊಂಡ. ಜನ ನೆನಪಿಟ್ಟುಕೊಂಡದ್ದು ಆ ಸಾಹಸವನ್ನೇ. (ಅವನ ಟೂರ್ ಗೆಲುವುಗಳನ್ನೆಲ್ಲ 2012ರಲ್ಲಿ ಕಿತ್ತುಕೊಂಡದ್ದು ಬೇರೆ ಮಾತು.) ಬೆಲೋಕಿ ಆಮೇಲೆ ಮೊದಲಿನ ಸವಾರನಾಗಲೇ ಇಲ್ಲ. ನುರಿತ ಮೆಕ್ಯಾನಿಕ್‌ಗಳ ಪಡೆಯೇ ಹಿಂದೆ ಇದ್ದವನ ಗತಿ ಇದಾದರೆ, ವೈಶಾಖದಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಹಳೆಯ ಗಾಲಿ ಹತ್ತುವ ಮಕ್ಕಳ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆಯೇ.

ಇಲ್ಲೊಂದು ಸ್ವಾರಸ್ಯದ ಸಂಗತಿ. ಟ್ರ್ಯಾಕಿನ ಸವಾರರು ಹಿಂದೆ ಟೈರು ಅಂಟಿಸಲು ಬಳಸುತ್ತಿದ್ದದ್ದು ಶೆಲ್ಲ್ಯಾಕ್, ಅಂದರೆ ನಮ್ಮ ಅರಗು! ಅಂಚೆಯ ಪಾರ್ಸಲ್ಲಿಗೆ ಮುದ್ರೆಯೊತ್ತುತ್ತಿದ್ದ, ಪಾಂಡವರ ಮನೆಗೆ ಬಳಿದ, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಸ್ಪಿರಿಟ್ಟಿನಲ್ಲಿ ಕರಗಿಸಿ, ಪದರದ ಮೇಲೆ ಪದರ ಬಳಿದು ಒಣಗಿಸಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ರಸ್ತೆಯ ಅಂಟು ಒಣಗಿದ ಮೇಲೂ ಜಿಗುಟಾಗಿಯೇ ಇರುತ್ತದೆ. ಗಾಲಿಯ ಪ್ರತಿ ಸುತ್ತಿನಲ್ಲೂ ಟೈರಿನ ತಳ ಅದರ ಮೇಲೆ ತುಸು ತುಸು ಹೊರಳಾಡಿ ಸವಾರನ ಶಕ್ತಿಯನ್ನು ಕದಿಯುತ್ತದೆ. ಗಾಲಿಗಳ ಬಗ್ಗೆ 1981ರಲ್ಲಿ ಪುಸ್ತಕ ಬರೆದ ಅಮೆರಿಕದ ಎಂಜಿನಿಯರ್ ಜಾಬ್‌ಸ್ಟ್ ಬ್ರಾಂಟ್ ಈ ಕಳ್ಳತನವನ್ನು ಬಿಡಿಸಿ ಹೇಳಿದವರಲ್ಲಿ ಮುಖ್ಯರು. ಹಾಗಾದರೆ ರಸ್ತೆಗೂ ಅರಗನ್ನೇ ಬಳಸಬಾರದೇಕೆ? ಚನ್ನಪಟ್ಟಣದ ಕುಶಲಕರ್ಮಿಯನ್ನು ಕೇಳಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಶಾಖಕ್ಕೇ ಅದು ಕರಗಿ ಮರಕ್ಕೆ ಹತ್ತುತ್ತದೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೇ ಇಲ್ಲ, ಆದ್ದರಿಂದ ರಿಮ್ಮು ಕಾಯುವುದಿಲ್ಲ, ಅರಗು ನಿಲ್ಲುತ್ತದೆ. ಘಾಟಿ ಇಳಿಯುವವನಿಗೆ ಅದು ಲಾಕ್ಷಾಗೃಹವೇ ಸರಿ.

ಈಗ ಟೇಪಿನ ಮಾತು. ಜೆಕ್ ದೇಶದ ಟುಫೊ, ಜಪಾನಿನ ಮಿಯಾಟಾ, ಸ್ವಿಟ್ಜರ್ಲೆಂಡಿನ ಎಫೆಟೊ ಮರಿಪೋಸಾ ಹೀಗೆ ಹಲವರು ಎರಡೂ ಬದಿಗೆ ಅಂಟಿರುವ ಟೇಪು ಮಾಡುತ್ತಾರೆ. ಅಂಟಿನ ಕೆಲಸ ಎರಡು ದಿನ ಹಿಡಿದರೆ ಟೇಪಿನದು ಒಂದು ಗಂಟೆಯೊಳಗೆ ಮುಗಿಯುತ್ತದೆ. ಕೈ ಹೊಲಸಾಗದು, ದ್ರಾವಕದ ಘಾಟಿಗೆ ತಲೆ ತಿರುಗದು. ಟೇಪು ಅಪಾಯಕಾರಿ ಎಂದು ಸಾರುವವರನ್ನು ನಾನು ಒಪ್ಪುವುದಿಲ್ಲ. ಶುಚಿಯಾದ ರಿಮ್ಮಿಗೆ, ಸರಿಯಾದ ಅಗಲದ ಟೇಪು, ಹೊಂದುವ ಟೈರು ಇದ್ದರೆ ಅದು ಬಲವಾಗಿಯೇ ಹಿಡಿಯುತ್ತದೆ. ನಾಳೆ ಬೆಳಿಗ್ಗೆ ಓಟ, ಇಂದು ಸಂಜೆ ಟೈರು ಹರಿಯಿತು ಎಂಬಂಥ ಸಂದರ್ಭದಲ್ಲಿ ಅರ್ಧ ಒಣಗಿದ ಅಂಟಿಗಿಂತ ಟೇಪೇ ಮೇಲು. ಈ ಒಂದು ವಿಷಯದಲ್ಲಿ ಟೇಪಿನ ಪರ ವಾದಿಸಿದ ಮೆಕ್ಯಾನಿಕ್ ಗೆದ್ದ.

ಆದರೆ ನನ್ನ ಶಿಷ್ಯನ ಕೈಯಲ್ಲಿರುವುದು ಹಳೆಯ ಗಾಲಿ. ತಗ್ಗಿನಲ್ಲಿ ಗೀರುಗಳು, ಹಿಂದಿನವರು ಬಿಟ್ಟ ಅಂಟಿನ ಗಂಟುಗಳು; ಟೈರಿನ ತಳದ ದುಂಡಗೂ ರಿಮ್ಮಿನ ತಗ್ಗಿಗೂ ಹೊಂದಿಕೆ ಅಷ್ಟಕ್ಕಷ್ಟೆ. ಟೇಪಿನ ದಪ್ಪ ಎಲ್ಲೆಡೆಯೂ ಒಂದೇ, ಅದು ಹಳ್ಳವನ್ನು ತುಂಬುವುದಿಲ್ಲ, ಮೇಲೆ ಸೇತುವೆಯಂತೆ ಹಾಯುತ್ತದೆ. ಅಂಟಾದರೆ ಪದರ ಪದರವಾಗಿ ಕೂತು ಹಳ್ಳವನ್ನು ತುಂಬುತ್ತದೆ. ಇನ್ನೊಂದು ಕಾರಣ, ಇದು ನನಗೆ ದೊಡ್ಡದಾಗಿ ಕಾಣುತ್ತದೆ: ಊರಿನಿಂದ ಮೂವತ್ತು ಕಿಲೋಮೀಟರ್ ಆಚೆ ಪಂಕ್ಚರ್ ಆದಾಗ ಹುಡುಗ ಏನು ಮಾಡಬೇಕು? ಅಂಟಿನ ಟೈರು ಕಿತ್ತರೆ ರಿಮ್ಮಿನಲ್ಲಿ ಜಿಗುಟು ಉಳಿದಿರುತ್ತದೆ. ಮೊದಲೇ ಅಂಟು ಬಳಿದು ಮಡಚಿಟ್ಟ ಬದಲಿ ಟೈರನ್ನು ಅದರ ಮೇಲೆ ಕೂರಿಸಿ, ತಿರುವುಗಳಲ್ಲಿ ನಿಧಾನಿಸುತ್ತ ಮನೆ ಸೇರಬಹುದು. ಟೇಪು ಕಿತ್ತಾಗ ಒಂದಿಷ್ಟು ರಿಮ್ಮಿನಲ್ಲಿ, ಒಂದಿಷ್ಟು ಟೈರಿನಲ್ಲಿ. ಕೆಲವೊಮ್ಮೆ ಟೈರಿನ ತಳದ ಪಟ್ಟಿಯೇ ಕಿತ್ತು ಬರುತ್ತದೆ. ಆದ್ದರಿಂದ ನನ್ನ ತೀರ್ಪು ಅಂಟಿನ ಕಡೆಗೆ. ಕಾರ್ಬನ್ ರಿಮ್ಮಾದರೆ ಅದಕ್ಕೆಂದೇ ಮಾಡಿದ ಅಂಟು ಬೇರೆ ಇದೆ, ಅದನ್ನೇ ತರಿಸಬೇಕು.

ಅಂಟೆಂದರೆ ಯಾವ ಅಂಟು? ಇದಕ್ಕೆಂದೇ ತಯಾರಾದ ವಿಟೋರಿಯಾ ಮಾಸ್ಟಿಕ್ ಒನ್ ಅಥವಾ ಕಾಂಟಿನೆಂಟಲ್ ಕಂಪನಿಯ ರಿಮ್ ಸಿಮೆಂಟು. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಅಲ್ಲ, ಚಪ್ಪಲಿ ಹೊಲಿಯುವವರ ಅಂಟಲ್ಲ, ಬಡಗಿಯ ಬಿಳಿ ಅಂಟಂತೂ ಅಲ್ಲವೇ ಅಲ್ಲ. ದುಬಾರಿ ಎನಿಸಿದರೆ ನಾಲ್ಕು ಜೊತೆಯ ಬದಲು ಎರಡೇ ಜೊತೆ ಗಾಲಿ ಕಟ್ಟಲಿ.

ಕ್ರಮ ಹೀಗೆ. ಮೊದಲು ಟೈರನ್ನು ಅಂಟಿಲ್ಲದೆ ರಿಮ್ಮಿಗೆ ಏರಿಸಿ, ಗಾಳಿ ತುಂಬಿ, ಒಂದು ದಿನವಾದರೂ ಬಿಡಬೇಕು. ಹಿಗ್ಗದ ಹೊಸ ಟೈರಿನೊಂದಿಗೆ ಒದ್ದಾಡುತ್ತ ಅಂಟನ್ನೆಲ್ಲ ಮೈಗೆ ಬಳಿದುಕೊಂಡವರುಂಟು. ಲೋಹದ ರಿಮ್ಮಾದರೆ ತಗ್ಗನ್ನು ಅಸಿಟೋನಿನಿಂದ ಒರೆಸಬೇಕು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ರಿಮ್ಮಿಗೊಂದು, ಟೈರಿನ ತಳಕ್ಕೊಂದು ತೆಳುವಾದ ಪದರ ಬಳಿದು ಇಡೀ ರಾತ್ರಿ ಒಣಗಲಿ. ಮರುದಿನ ರಿಮ್ಮಿಗೆ ಮತ್ತೊಂದು, ಅದೂ ಒಣಗಲಿ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಕೊನೆಯ ತೆಳು ಪದರ ಬಳಿದು, ಅದು ಬೆರಳಿಗೆ ಜಿಗುಟುವ ಹದದಲ್ಲಿರುವಾಗ, ವಾಲ್ವಿನಿಂದ ಆರಂಭಿಸಿ ಎರಡೂ ಕೈಯಲ್ಲಿ ಟೈರನ್ನು ಕೆಳಕ್ಕೆಳೆಯುತ್ತ ಏರಿಸಬೇಕು. ಸ್ವಲ್ಪ ಗಾಳಿ ತುಂಬಿ ಗಾಲಿಯನ್ನು ತಿರುಗಿಸಿ, ಡೊಂಕಿದ್ದಲ್ಲಿ ನೇರ ಮಾಡಿ, ಆಮೇಲೆ ಪೂರ್ತಿ ಗಾಳಿ. ಮತ್ತೊಂದು ಇಡೀ ದಿನ ಯಾರೂ ಆ ಸೈಕಲ್ ಹತ್ತಬಾರದು. ಹುಡುಗರು ಎಷ್ಟೇ ಗೋಗರೆದರೂ!

ಓಟದ ಮುಂಚೆ ಪರೀಕ್ಷೆಯೊಂದಿದೆ. ಗಾಳಿಯನ್ನು ಪೂರ್ತಿ ಬಿಟ್ಟು, ಅಂದರೆ ಆ ಅಪ್ಪುಗೆಯ ಮೋಸವನ್ನು ತೆಗೆದುಹಾಕಿ, ಎರಡೂ ಹೆಬ್ಬೆರಳಿನಿಂದ ಟೈರನ್ನು ಪಕ್ಕಕ್ಕೆ ನೂಕುತ್ತ ಇಡೀ ಸುತ್ತು ಬರಬೇಕು. ಎಲ್ಲಿಯಾದರೂ ಅಂಚು ಎದ್ದು ರಿಮ್ಮಿನ ಲೋಹ ಕಂಡರೆ ಆ ಗಾಲಿ ಅಂದು ಓಡಬಾರದು. ಈ ನೂಕುವ ಕೆಲಸವನ್ನು ಅಂಟು ಹಚ್ಚಿದವನು ಮಾಡಬಾರದು, ಅದರ ಮೇಲೆ ಕೂರುವ ಹುಡುಗನೇ ಮಾಡಲಿ. ಅವನ ಹೆಬ್ಬೆರಳಿಗೆ ಬಲ ಸಾಲದಿದ್ದರೆ ಅವನ ಅಪ್ಪನನ್ನು ಕರೆಸಲಿ.