ಬರಾನಗರದ ಸಂಖ್ಯಾಮಂದಿರ

ಹೂವಿನ ಹಡಗಲಿ ಎಂದೊಡನೆ ನಮ್ಮ ಜನರಿಗೆ ಮಲ್ಲಿಗೆ ನೆನಪಾಗುತ್ತದೆ. ಅದೇ ಊರಿನಲ್ಲಿ 1920ರ ಸೆಪ್ಟೆಂಬರ್ 10ರಂದು ಜನಿಸಿದ ಕಲ್ಯಂಪುಡಿ ರಾಧಾಕೃಷ್ಣ ರಾಯರ ಹೆಸರನ್ನು ಬಲ್ಲ ಮನೆಗಳು ವಿರಳ. ಆಗ ಹಡಗಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತೆಲುಗು ಮನೆಮಾತಿನ ಪೊಲೀಸ್ ಅಧಿಕಾರಿಯೊಬ್ಬರ ಎಂಟನೆಯ ಮಗು. ಎಂಟನೆಯವನೆಂದೇ ಕೃಷ್ಣನ ಹೆಸರಿಟ್ಟರು. ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿ ಎಣ್ಣೆದೀಪ ಹಚ್ಚಿಟ್ಟು ಓದಲು ಕೂಡಿಸುತ್ತಿದ್ದ ತಾಯಿಯನ್ನು ಅವರು ಮುಪ್ಪಿನಲ್ಲಿಯೂ ನೆನೆದು, ತಮ್ಮ ಗ್ರಂಥವೊಂದನ್ನು ಆಕೆಗೇ ಅರ್ಪಿಸಿದ್ದಾರೆ. ಜಗತ್ತಿನ ಸಂಖ್ಯಾಶಾಸ್ತ್ರಜ್ಞರೆಲ್ಲ ಗುರುವೆಂದು ಮನ್ನಿಸಿದ ಆ ಹಿರಿಯರು 2023ರ ಆಗಸ್ಟ್ 22ರಂದು, ನೂರಾಮೂರು ತುಂಬಲು ಕೆಲವೇ ದಿನಗಳಿರುವಾಗ, ಅಮೆರಿಕದಲ್ಲಿ ಕಾಲವಾದರು.

ಅವರು ನಾಲ್ಕು ದಶಕಗಳ ಕಾಲ ದುಡಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಾಣುವ ಯೋಗ ನಮಗೆ ಒದಗಿದುದು ಬಂಧುಗಳ ಮನೆಯ ಹುಡುಗಿಯೊಬ್ಬಳಿಂದ. ಧಾರವಾಡದ ಕಡೆಯ ಈ ಕುಮಾರಿ ಬಿ.ಎಸ್ಸಿ. ಮುಗಿಸಿ, ಆ ಸಂಸ್ಥೆಯ ಎಂ.ಸ್ಟ್ಯಾಟ್. ಪದವಿಯ ಲಿಖಿತ ಪರೀಕ್ಷೆಯನ್ನೂ ಸಂದರ್ಶನವನ್ನೂ ಗೆದ್ದಳು. ಪತ್ರ ಬಂದ ದಿನ ಮನೆಯಲ್ಲಿ ಹಿಗ್ಗಿಗಿಂತ ಕಳವಳವೇ ಹೆಚ್ಚಾಯಿತು. ಬೆಂಗಳೂರಿನಲ್ಲಿ ಕೈಗೆ ಬಂದಿದ್ದ ನೌಕರಿಯನ್ನು ಬಿಡುವುದೇ? ಎರಡು ವರ್ಷ ಕಳೆದರೆ ವಯಸ್ಸು ಎಷ್ಟಾದೀತು? ಸಂಖ್ಯಾಶಾಸ್ತ್ರವೆಂಬ ಹೆಸರು ಕೇಳಿ ನೆರೆಮನೆಯವರೊಬ್ಬರು ತಮ್ಮ ಹೊಸ ಕಾರಿಗೆ ಯಾವ ಅಂಕೆ ಕೂಡಿಬರುತ್ತದೆಂದು ವಿಚಾರಿಸಿ ಹೋದರು! ಹೆಸರಿನ ಅಕ್ಷರ ಕೂಡಿಸಿ ಭವಿಷ್ಯ ಹೇಳುವವರೂ ಇದೇ ಹೆಸರನ್ನು ಬಳಸುತ್ತಿರುವುದು ನಮ್ಮ ನುಡಿಯಲ್ಲಿ ಈ ವಿದ್ಯೆಗೆ ಬಂದೊದಗಿದ ದೊಡ್ಡ ಕಷ್ಟ. ಅಜ್ಜಿಯ ಪ್ರಶ್ನೆ ಮಾತ್ರ ನೇರವಾಗಿತ್ತು: “ಎಣಿಸೂದು ಕಲಿಯಾಕ ಅಷ್ಟು ದೂರ ಯಾಕ ಹೋಗಬೇಕವಾ?”

ಹುಡುಗಿ ವಾದಕ್ಕಿಳಿಯಲಿಲ್ಲ. ರಾಯರ ‘ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್’ ಗ್ರಂಥದಲ್ಲಿ ಓದಿದ ಸಂಗತಿಯೊಂದನ್ನು ಅಜ್ಜಿಗೆ ಹೇಳಿದಳು. 1947ರಲ್ಲಿ ದೇಶ ಒಡೆದಾಗ ದಿಲ್ಲಿಯ ಕೆಂಪುಕೋಟೆಯೊಳಗೆ ಸಾವಿರಾರು ನಿರಾಶ್ರಿತರು ತುಂಬಿಕೊಂಡಿದ್ದರು. ಅವರಿಗೆ ಅನ್ನ ಹಾಕುವ ಹೊಣೆಯನ್ನು ಸರ್ಕಾರ ಗುತ್ತಿಗೆದಾರರಿಗೆ ವಹಿಸಿತ್ತು. ಒಳಗೆ ಎಷ್ಟು ಜನರಿದ್ದಾರೆಂಬುದು ಯಾರಿಗೂ ತಿಳಿಯದು. ಗುತ್ತಿಗೆದಾರರು ಬರೆದ ಬಿಲ್ಲೇ ಲೆಕ್ಕ, ಖರ್ಚು ಮಿತಿಮೀರಿತು. ಒಳಹೊಕ್ಕು ತಲೆ ಎಣಿಸುವ ಪರಿಸ್ಥಿತಿ ಇರಲಿಲ್ಲ. ಆಗ ಸಂಖ್ಯಾಶಾಸ್ತ್ರಜ್ಞರು ಬಿಲ್ಲುಗಳನ್ನೇ ತರಿಸಿಕೊಂಡರು. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ತಿನ್ನುತ್ತಾನೆಂಬುದು ಹಿಂದಿನ ಸಮೀಕ್ಷೆಗಳಿಂದ ಗೊತ್ತಿತ್ತು. ಬಿಲ್ಲಿನ ಅಕ್ಕಿಯನ್ನು ತಲಾ ಅಕ್ಕಿಯಿಂದ, ಬೇಳೆಯನ್ನು ತಲಾ ಬೇಳೆಯಿಂದ, ಉಪ್ಪನ್ನು ತಲಾ ಉಪ್ಪಿನಿಂದ ಭಾಗಿಸಿದರೆ ಮೂರೂ ಕಡೆ ಒಂದೇ ಜನಸಂಖ್ಯೆ ಬರಬೇಕು. ಬಂದುದು ಬೇರೆ ಬೇರೆ! ಅಕ್ಕಿಯ ಲೆಕ್ಕದಲ್ಲಿ ಜನ ಅತಿ ಹೆಚ್ಚು. ಉಪ್ಪಿನ ಲೆಕ್ಕದಲ್ಲಿ ಅತಿ ಕಡಿಮೆ.

ಹುಡುಗಿ ಇಷ್ಟಕ್ಕೇ ನಿಲ್ಲಿಸಿದಳು. ಜಾತ್ರೆಯ ದಾಸೋಹದ ಅಡುಗೆಯಲ್ಲಿ ಎಷ್ಟೋ ವರ್ಷ ಕೈಯಾಡಿಸಿದ್ದ ಅಜ್ಜಿ ಒಂದು ಗಳಿಗೆಯೂ ತಡೆಯಲಿಲ್ಲ. “ಉಪ್ಪಿನ ಲೆಕ್ಕಾನ ಖರೇ. ಅಗ್ಗದ ಉಪ್ಪಿನ್ಯಾಗ ಸುಳ್ಳು ಬರದು ಯಾರು ಏನು ಗಳಸ್ತಾರ?” ಎಂದರು. ಅಂದಿನ ಸಂಖ್ಯಾಶಾಸ್ತ್ರಜ್ಞರು ಬಂದ ತೀರ್ಮಾನವೂ ಅದೇ. ಅಜ್ಜಿ ಅಂದೇ ಒಪ್ಪಿಗೆ ಕೊಟ್ಟರೆಂದಲ್ಲ. ಆದರೆ ಆಮೇಲೆ ಮಾತು ‘ಯಾಕೆ’ ಎಂಬುದನ್ನು ಬಿಟ್ಟು ‘ಜೊತೆಗೆ ಯಾರು ಹೋಗುವುದು’ ಎಂಬಲ್ಲಿಗೆ ಬಂದಿತು. ಹುಡುಗಿಯ ತಂದೆಯೊಡನೆ ಹೊರಡುವ ಭಾಗ್ಯ ನಮ್ಮದಾಯಿತು.

ಬೆಂಗಳೂರಿನಿಂದ ಹೌರಾಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ದಿನದ ಹಾದಿ. ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಯ ಡಬ್ಬಿ ಎಲ್ಲವೂ ಜೊತೆಗಿದ್ದವು. ದಾರಿಯಲ್ಲಿ ವಿಶಾಖಪಟ್ಟಣ ಬಂದಾಗ ಹುಡುಗಿ ಕಿಟಕಿಯ ಬಳಿಗೆ ಸರಿದಳು. ರಾಯರು ಆಂಧ್ರ ವಿಶ್ವವಿದ್ಯಾಲಯದ ಗಣಿತದ ಎಂ.ಎ. ಮುಗಿಸಿದುದು ಅಲ್ಲಿಯ ವಾಲ್ಟೇರಿನಲ್ಲಿ. ಮಹಾಯುದ್ಧದ ಕಾಲ, ಸೈನ್ಯಕ್ಕೆ ಸಂಬಂಧಿಸಿದ ಕೆಲಸವೊಂದರ ಸಂದರ್ಶನಕ್ಕೆಂದು ತರುಣ ರಾಯರು ಕಲ್ಕತ್ತೆಗೆ ಹೋದರು. ಕೆಲಸ ದೊರೆಯಲಿಲ್ಲ. ತಂಗಿದ್ದ ವಸತಿಗೃಹದಲ್ಲಿ, ಸಂಖ್ಯಾಶಾಸ್ತ್ರದ ತರಬೇತಿಗೆ ಬಂದಿದ್ದ ದಕ್ಷಿಣದವರೊಬ್ಬರ ಭೇಟಿಯಾಯಿತು. ಅವರು ಹೇಳಿದ ಸಂಸ್ಥೆಯನ್ನು ನೋಡಿಬಂದು, 1941ರ ಜನವರಿಯಲ್ಲಿ ಅಲ್ಲಿಯೇ ಸೇರಿಕೊಂಡರು. ಆ ವಿದ್ಯೆಗೆ ಮುಂದೆ ಅನ್ನವಿದೆಯೇ ಎಂದು ಆಗ ಖಚಿತವಾಗಿ ಹೇಳಬಲ್ಲವರು ದೇಶದಲ್ಲಿ ಎಷ್ಟು ಮಂದಿ ಇದ್ದಾರು?

ಹೌರಾದಲ್ಲಿಳಿದು ಮೆಟ್ರೋ ಹಿಡಿದೆವು. 2024ರಿಂದ ಈ ರೈಲು ಹೂಗ್ಲಿ ನದಿಯ ತಳದಲ್ಲಿಯೇ ಹಾದು ಎಸ್ಪ್ಲನೇಡಿಗೆ ಒಯ್ಯುತ್ತದೆ. ತಲೆಯ ಮೇಲೆ ಹೊಳೆ ಹರಿಯುತ್ತಿದೆಯೆಂದು ಯಾರಾದರೂ ಹೇಳದಿದ್ದರೆ ತಿಳಿಯುವುದೇ ಇಲ್ಲ. ಎಸ್ಪ್ಲನೇಡಿನಲ್ಲಿ ಗಾಡಿ ಬದಲಿಸಿದರೆ ದಕ್ಷಿಣೇಶ್ವರದ ಹಾದಿಯಲ್ಲಿ ಬರಾನಗರ ಸಿಗುತ್ತದೆ. ಮುಂದೆ ಬ್ಯಾರಕ್‌ಪುರ ಟ್ರಂಕ್ ರಸ್ತೆ. ಬಸ್ಸು, ಲಾರಿ, ಆಟೋಗಳ ಗದ್ದಲ ಹೇಳತೀರದು. ಸಂಸ್ಥೆಯ ಬಾಗಿಲು ದಾಟಿದ್ದೇ ತಡ, ಕೊಳ, ದೊಡ್ಡ ಮರಗಳು, ಮಳೆಗಾಲದ ಹಸಿರು. ಒಳಗಿನ ಶಾಂತಿಯನ್ನು ಕಂಡು ಹುಡುಗಿಯ ತಂದೆ ಮೊದಲ ಸಲ ನಿರಾಳವಾಗಿ ಉಸಿರುಬಿಟ್ಟರು.

ಈ ಸಂಸ್ಥೆ ಹುಟ್ಟಿದುದು ಇಲ್ಲಿ ಅಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಪ್ರಶಾಂತಚಂದ್ರ ಮಹಲನೋಬಿಸರು ಕೇಂಬ್ರಿಜಿನಲ್ಲಿ ಓದು ಮುಗಿಸಿ 1915ರಲ್ಲಿ ಮರಳುವಾಗ ‘ಬಯೋಮೆಟ್ರಿಕಾ’ ಎಂಬ ಪತ್ರಿಕೆಯ ಸಂಪುಟಗಳನ್ನು ಕೊಂಡು ತಂದರು. ಭೌತಶಾಸ್ತ್ರದ ಮೇಷ್ಟರಿಗೆ ಸಂಖ್ಯೆಯ ಗೀಳು ಹಿಡಿದುದು ಹಾಗೆ. ಕಾಲೇಜಿನ ಪ್ರಯೋಗಾಲಯದಲ್ಲಿಯೇ ಬೆಳೆದ ಆ ಕಾಯಕ 1931ರ ಡಿಸೆಂಬರಿನಲ್ಲಿ ಸಂಸ್ಥೆಯ ರೂಪ ತಳೆಯಿತು. 1933ರಲ್ಲಿ ‘ಸಂಖ್ಯಾ’ ಪತ್ರಿಕೆ ಹೊರಟಿತು. ಬಂಗಾಳದ ಸೆಣಬಿನ ಬೆಳೆಯನ್ನು ಹೊಲಹೊಲ ಅಳೆಯದೆ, ಚೀಟಿ ಎತ್ತಿದಂತೆ ಆಯ್ದ ಕೆಲವೇ ತುಂಡುಗಳನ್ನು ನೋಡಿ ಅಂದಾಜು ಮಾಡುವ ಮಾರ್ಗವನ್ನು ಇವರು ರೂಢಿಗೆ ತಂದರು; 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಅದರ ಫಲ. ಮಹಲನೋಬಿಸರ ವಾಸದ ಮನೆ ‘ಆಮ್ರಪಾಲಿ’ ಈಗ ಅವರ ಸ್ಮಾರಕ ಸಂಗ್ರಹಾಲಯ. ಸಂಸ್ಥೆಯ ಲಾಂಛನ ಆಲದ ಮರ.

ಸ್ನಾತಕೋತ್ತರ ವ್ಯಾಸಂಗದ ಕಥೆ 1941ರದು. ಕಲ್ಕತ್ತಾ ವಿಶ್ವವಿದ್ಯಾಲಯ ದೇಶದಲ್ಲಿಯೇ ಮೊದಲನೆಯದಾಗಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿ ತೆರೆದ ವರ್ಷವದು. ಮೊದಲ ತಂಡದಲ್ಲಿಯೇ ಕುಳಿತ ರಾಯರು 1943ರಲ್ಲಿ ಚಿನ್ನದ ಪದಕದೊಡನೆ ಹೊರಬಂದು, ಅಲ್ಲಿಯೇ ಪಾಠ ಹೇಳತೊಡಗಿದರು. ಒಂದು ದಿನ ತರಗತಿಯಲ್ಲಿ, ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ವಿ. ಎಂ. ದಾಂಡೇಕರರು ಎದ್ದು ಕೇಳಿದರು: ಬಹು ದೊಡ್ಡ ಮಾದರಿಗಳಿಗೆ ನೀವು ಹೇಳಿದ ಫಲಿತಾಂಶ ಸರಿ, ಸಣ್ಣ ಮಾದರಿಗಳಿಗೆ ಏನು ಹೇಳುವಿರಿ? ಗುರುವಿನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಕುಳಿತು ಸಾಧಿಸಿ, ಮರುದಿನ ತರಗತಿಗೆ ತಂದರು. ಕೈಯಲ್ಲಿರುವ ಮಾಹಿತಿ ಇಷ್ಟೇ ಆಗಿದ್ದರೆ, ಎಂತಹ ಜಾಣನ ಅಂದಾಜಿನ ಚಂಚಲತೆಯೂ ಒಂದು ಮಿತಿಗಿಂತ ಕೆಳಗಿಳಿಯಲಾರದು ಎಂಬುದು ಅದರ ತಿರುಳು. 1945ರಲ್ಲಿ ಅಚ್ಚಾದ ಆ ಲೇಖನದ ಫಲವನ್ನು ಇಂದು ಜಗತ್ತೆಲ್ಲ ಕ್ರಾಮರ್-ರಾವ್ ಮಿತಿ ಎಂದು ಕರೆಯುತ್ತದೆ. ಆಗ ರಾಯರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಪ್ರಶ್ನೆ ಕೇಳಿದ ಶಿಷ್ಯನನ್ನು ಗದರಿಸಿ ಕೂಡಿಸದ ಗುರುವಿನ ಗುಣವನ್ನು ನಾವು ಆ ಗಣಿತಕ್ಕಿಂತ ಹೆಚ್ಚೆಂದೇ ಎಣಿಸುತ್ತೇವೆ.

1959ರ ಶಾಸನದಿಂದ ಸಂಸ್ಥೆಗೆ ತಾನೇ ಪದವಿ ನೀಡುವ ಅಧಿಕಾರ ಬಂದಿತು. ಎಂ.ಸ್ಟ್ಯಾಟ್. ಎರಡು ವರ್ಷದ ಓದು: ಸಂಭವನೀಯತೆ, ಮಾದರಿ ಆಯ್ಕೆ, ಪ್ರಯೋಗಗಳ ವಿನ್ಯಾಸ, ಹಲವು ಗುಣಗಳನ್ನು ಒಟ್ಟಿಗೆ ಅಳೆಯುವ ಬಹುಚರ ವಿಶ್ಲೇಷಣೆ ಇತ್ಯಾದಿ. ಓದು ಕಠಿಣವೆಂಬುದನ್ನು ತಂದೆತಾಯಿಗಳು ಮೊದಲೇ ತಿಳಿದಿರಬೇಕು; ಊರಿನಲ್ಲಿ ಸದಾ ಮೊದಲಿಗರಾದವರು ಇಲ್ಲಿ ನಡುವಿನವರಾಗುವುದುಂಟು, ಆ ಪೆಟ್ಟನ್ನು ತಾಳಿಕೊಳ್ಳಬೇಕು. ಬೋಧನಾ ಶುಲ್ಕ ಕೇಳದೆ, ಪ್ರತಿಯಾಗಿ ಮಾಸಿಕ ಶಿಷ್ಯವೇತನ ಕೊಟ್ಟು ಓದಿಸುವುದು ಇಲ್ಲಿಯ ಬಹುಕಾಲದ ರೂಢಿ. ಹೊಲ ಅಡವಿಟ್ಟು ಓದಿಸುವ ನಮ್ಮ ಎಷ್ಟೋ ಮನೆಗಳಿಗೆ ಈ ಸಂಗತಿಯೇ ಗೊತ್ತಿಲ್ಲ. ದೂರ ಕಳಿಸಲಾಗದವರಿಗೆ ಧಾರವಾಡ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಇದ್ದೇ ಇದೆ. ಇದೇ ಸಂಸ್ಥೆಯ ಶಾಖೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿಯೂ ಇದೆ. ಅಲ್ಲಿ ಗಣಿತಕ್ಕೆ ಪ್ರಾಧಾನ್ಯ.

ಇಲ್ಲಿಯ ಒಂದು ವಿಶೇಷ ಹೇಳದಿದ್ದರೆ ಮಕ್ಕಳು ಕ್ಷಮಿಸರು. ಸಂಖ್ಯೆ ಕಲಿಸುವ ಈ ಆವರಣದ ಭೂವಿಜ್ಞಾನ ಸಂಗ್ರಹಾಲಯದಲ್ಲಿ ಗೋದಾವರಿ ಕಣಿವೆಯಲ್ಲಿ ದೊರೆತ ಡೈನೋಸಾರಿನ ಬೃಹತ್ ಅಸ್ಥಿಪಂಜರವಿದೆ! ರವೀಂದ್ರರ ನೆನಪಿಗಾಗಿ ಅದಕ್ಕೆ ಬರಪಾಸಾರಸ್ ಟಾಗೋರಿ ಎಂದು ಹೆಸರಿಟ್ಟಿದ್ದಾರೆ. ಭಾರತಕ್ಕೆ ಬಂದ ಮೊದಲ ಗಣಕಯಂತ್ರವನ್ನು 1956ರಲ್ಲಿ ಸ್ಥಾಪಿಸಿದವರೂ ಇವರೇ. ಎಲ್ಲ ವಿದ್ಯೆಗಳಿಗೂ ಅಳತೆ ಬೇಕೆಂಬುದು ಮಹಲನೋಬಿಸರ ನಿಲುವಾಗಿತ್ತು.

ಹುಡುಗಿಗೆ ವಿದ್ಯಾರ್ಥಿನಿಲಯದಲ್ಲಿ ಕೊಠಡಿ ದೊರೆಯಿತು. ಜೊತೆಯವಳು ಬಂಗಾಳಿ, ರೊಟ್ಟಿಯನ್ನು ಹಪ್ಪಳವೆಂದು ಭಾವಿಸಿ ಮುರಿದು ತಿಂದು, ಶೇಂಗಾ ಹಿಂಡಿಯನ್ನು ಮತ್ತೆ ಕೇಳಿ ಹಾಕಿಸಿಕೊಂಡಳು. ಮೀನಿನ ವಾಸನೆಗೆ ಮಗಳು ಹೇಗೆ ಒಗ್ಗಿಕೊಂಡಾಳೆಂಬ ಚಿಂತೆ ತಂದೆಯನ್ನು ಬಿಟ್ಟಿರಲಿಲ್ಲ. ಸಮೀಪದಲ್ಲಿ ಶಾಕಾಹಾರದ ಊಟ ಎಲ್ಲೆಲ್ಲಿ ಸಿಗುತ್ತದೆಂದು ಆ ಬಂಗಾಳಿ ಹುಡುಗಿಯೇ ಚೀಟಿಯಲ್ಲಿ ಬರೆದುಕೊಟ್ಟಳು. ಸಂಜೆ ಊರಿಗೆ ಫೋನು ಮಾಡಿದಾಗ ಅಜ್ಜಿ ಮೊದಲು ಕೇಳಿದುದು ನೀರು ಹೇಗಿದೆ ಎಂದು. ಮರುದಿನ ಬೆಳಿಗ್ಗೆ ತರಗತಿ. ನಾವು ಹೌರಾದ ಗಾಡಿ ಹಿಡಿದೆವು.