ಕೆನೆಯ ಮೇಲೊಂದು ಹೆಸರು

ಅಕ್ಷರ ದುಂಡಗಿರಬೇಕು, ಮುತ್ತು ಪೋಣಿಸಿದ ಹಾಗಿರಬೇಕು ಎಂದು ಕನ್ನಡ ಶಾಲೆಯಲ್ಲಿ ನಮ್ಮಿಂದ ಕಾಪಿ ಬರೆಸಿದ ಅಕ್ಕೋರಿಗೆ, ಆ ಪಾಠ ಮುಂದೊಂದು ದಿನ ಕೇಕಿನ ಮೇಲೆ ಕೆಲಸಕ್ಕೆ ಬಂದೀತೆಂದು ಅನ್ನಿಸಿರಲಾರದು. ಸ್ಲೇಟಿನ ಮೇಲಾದರೆ ಅಂಗೈಯಿಂದ ಒರೆಸಬಹುದು, ಕಾಗದದ ಮೇಲಾದರೆ ಗೀಟು ಹೊಡೆದು ಮುಂದೆ ಹೋಗಬಹುದು. ಕೆನೆಯ ಮೇಲೆ ಬರೆದದ್ದು ಹಣೆಬರಹದ ಜಾತಿಗೆ ಸೇರಿದ್ದು. ಒರೆಸಹೋದರೆ ಹಣೆಯೇ ಕಿತ್ತು ಬರುತ್ತದೆ.

ನಾನು ಹೊನ್ನಾವರದವಳು. ಮನೆಯಲ್ಲೇ ಕೇಕು ಮಾಡಿ ಕೊಡುವ ಕಸುಬು ನನ್ನದು. ಉತ್ತರಕ್ಕೆ ಕುಮಟೆ, ದಕ್ಷಿಣಕ್ಕೆ ಭಟ್ಕಳ. ಈ ತುದಿಯಿಂದ ಆ ತುದಿಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ಇಷ್ಟರೊಳಗೇ ಕೇಕಿನ ಶಾಸ್ತ್ರ ಹಲವು ಬಗೆ. ಕುಮಟೆ ಕಡೆಯ ಹವ್ಯಕರ ಮನೆಯಿಂದ ಫೋನು ಬಂದರೆ ಮೊದಲ ಮಾತೇ, 'ಮೊಟ್ಟೆ ಹಾಕುದಿಲ್ಲ ಅಲ್ದಾ?' ಅವರಿಗೆ ಕಂಡೆನ್ಸ್ಡ್ ಮಿಲ್ಕಿನ ಕೇಕು. ಕೆಲವು ಮನೆಯ ಅಜ್ಜಿಯರಿಗೆ ಮೇಣದಬತ್ತಿ ಊದುವುದು ಸೇರದು. ಒಳ್ಳೆಯ ದಿನ ಯಾರಾದರೂ ದೀಪ ಆರಿಸುತ್ತಾರೆಯೆ? ಅಲ್ಲಿ ಕೇಕಿನ ಪಕ್ಕದಲ್ಲೊಂದು ಹಿತ್ತಾಳೆಯ ದೀಪ ಉರಿಯುತ್ತಿರುತ್ತದೆ. ಭಟ್ಕಳದ ನವಾಯತರ ಮನೆಗಳಿಂದ ಒಮ್ಮೊಮ್ಮೆ ಹೆಸರು ಉರ್ದು ಲಿಪಿಯಲ್ಲಿ ಬರುತ್ತದೆ. ಅವರ ನವಾಯತಿ ಭಾಷೆಗೂ ಅರಬ್ಬಿ-ಪಾರ್ಸಿ ಲಿಪಿಯೇ. ಬಲದಿಂದ ಎಡಕ್ಕೆ ಬರೆಯಬೇಕು. ಆ ಲಿಪಿ ನನಗೆ ಓದಲು ಬಾರದು; ಚೀಟಿ ಎದುರಿಗಿಟ್ಟುಕೊಂಡು ಚಿತ್ರವೆಂದೇ ಬರೆಯುತ್ತೇನೆ. ಹಸೆಯನ್ನೂ ರಂಗೋಲಿಯನ್ನೂ 'ಬರೆಯು'ವವರು ನಾವು, ಇದೇನು ಕಷ್ಟ?

ಕಷ್ಟ ಇರುವುದು ಸೆಕೆಯಲ್ಲಿ. ಕೇಕಿಗೆ ಬಿಳಿ ಸಕ್ಕರೆಯ ಹೊದಿಕೆ ಹೊದಿಸಿ ಸಿಂಗರಿಸುವುದು ಚಳಿದೇಶದವರ ವಿದ್ಯೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಬಿಳಿಯಾಗಿತ್ತೆಂದು ಲೋಕವೆಲ್ಲ ಬಿಳಿ ಕೇಕಿನ ಹಿಂದೆ ಬಿತ್ತು. ನಮ್ಮ ಕರಾವಳಿಯಲ್ಲೂ ಕೇಕು ನಿನ್ನೆ ಮೊನ್ನೆಯದಲ್ಲ. ತೆಂಕಲ ತಲಶ್ಶೇರಿಯಲ್ಲಿ 1883ರಲ್ಲೇ ಮಾಂಬಳ್ಳಿ ಬಾಪು ಕ್ರಿಸ್ಮಸ್ ಕೇಕು ಮಾಡಿದ ಕತೆ ಪ್ರಸಿದ್ಧ. ಆದರೆ ಬೆಣ್ಣೆ ಕರಗಲು ಮೂವತ್ತು ಚಿಲ್ಲರೆ ಡಿಗ್ರಿ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಶರಾವತಿಯ ದಂಡೆಯಲ್ಲಿ ಅದನ್ನು ಯಾರೂ ಕರಗಿಸಬೇಕಾಗಿಲ್ಲ, ಅದೇ ಕರಗುತ್ತದೆ. ಮನುಷ್ಯನ ಅಂಗೈಯ ಕಾವೂ ಅದಕ್ಕೆ ಹೆಚ್ಚೇ. ಆದ್ದರಿಂದ ನಾನು ಕೋನನ್ನು ಅಂಗೈಯಲ್ಲಿ ಅಪ್ಪಿ ಹಿಡಿಯುವುದಿಲ್ಲ; ಮೇಲ್ತುದಿಯನ್ನು ಬೆರಳಲ್ಲಿ ಹಿಡಿದು, ಹೆಸರೊಂದು ಮುಗಿದೊಡನೆ ಬೇರೆ ಕೋನು ತೆಗೆದುಕೊಳ್ಳುತ್ತೇನೆ. ಮಳೆಗಾಲದಲ್ಲಿ ಇನ್ನೊಂದು ಪೀಡೆ. ಸಕ್ಕರೆ ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಬೆವರುತ್ತದೆ, ಅಕ್ಷರ ಕಣ್ಣೆದುರೇ ದಪ್ಪಗಾಗುತ್ತದೆ. ಅದೇ ಹೊತ್ತಿಗೆ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ದೇವರನ್ನು ನೆನೆಯುವುದೊಂದೇ ದಾರಿ.

ಕೋನು ಎಂದರೆ ಮತ್ತೇನಲ್ಲ, ಬೆಣ್ಣೆಕಾಗದವನ್ನು ಕಡಲೆಯ ಪೊಟ್ಟಣದ ಹಾಗೆ ಸುತ್ತಿ, ತುದಿಯನ್ನು ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿದ್ದು. ಮೆಹಂದಿಯ ಕೋನು ಕಂಡವರಿಗೆ ಇದು ಹೊಸತಲ್ಲ. ಭಟ್ಕಳದ ಹುಡುಗಿಯರು ಕೇಕಿನ ಬರಹವನ್ನು ನಮಗಿಂತ ಬೇಗ ಕಲಿಯುವುದಕ್ಕೂ ಇದೇ ಕಾರಣವಿರಬೇಕು. ಮದುಮಗಳ ಅಂಗೈಯಲ್ಲಿ ಬಳ್ಳಿ ಹಬ್ಬಿಸಿದ ಕೈಗೆ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಮೊದಲೇ ಗೊತ್ತು. ಗುಟ್ಟು ಇಷ್ಟೇ: ತುದಿಯನ್ನು ಕೇಕಿಗೆ ತಾಗಿಸಬಾರದು. ಬೆರಳಗಲ ಮೇಲೆ ಹಿಡಿದರೆ ಕೆನೆ ನೂಲಿನಂತೆ ಇಳಿಯುತ್ತದೆ. ಆ ನೂಲನ್ನು ಬೇಕಾದಲ್ಲಿ ಮಲಗಿಸುತ್ತ ಹೋಗಬೇಕು. ಅಕ್ಷರ ಮುಗಿಯುವಲ್ಲಿ ಮೊದಲು ಒತ್ತುವುದನ್ನು ನಿಲ್ಲಿಸಿ, ಆಮೇಲೆ ತುದಿ ತಾಗಿಸಿ ಎತ್ತಬೇಕು. ಇಲ್ಲವಾದರೆ ಪ್ರತಿ ಅಕ್ಷರಕ್ಕೂ ಇಲಿಯ ಬಾಲ.

ಇಂಗ್ಲಿಷಿನ 'ಹ್ಯಾಪಿ ಬರ್ತ್‌ಡೇ' ಕೂಡಿಸಿ ಬರೆದರೆ ಎರಡು ಎಳೆತಕ್ಕೆ ಮುಗಿಯುತ್ತದೆ. ನಮ್ಮ 'ಹುಟ್ಟುಹಬ್ಬದ ಶುಭಾಶಯಗಳು' ನೋಡಿ: ಹನ್ನೊಂದು ಅಕ್ಷರ, ಎರಡು ಒತ್ತು, ನಾಲ್ಕು ಕೊಂಬು. ಅರ್ಧ ಕಿಲೋ ಕೇಕಿನ ಅಗಲವೋ ಒಂದು ಗೇಣಿಗೂ ಕಡಿಮೆ. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕೆಂಬುದನ್ನು ಹೊಸಬರು ಮರೆಯುತ್ತಾರೆ. ಒತ್ತಕ್ಷರ ಅಂಚಿನ ಹೂವಿನ ಮೇಲೆ ಹೋಗಿ ಕೂರುತ್ತದೆ. ಸಾಲನ್ನು ನಡುವಿಗಿಂತ ತುಸು ಮೇಲೆಯೇ ಹಿಡಿಯಬೇಕು, ಹಲ್ಲುಕಡ್ಡಿಯಿಂದ ಗುರುತು ಮಾಡಿಕೊಳ್ಳಬೇಕು, ತಲಕಟ್ಟುಗಳನ್ನು ಕೊನೆಗೆ ಒಟ್ಟಿಗೆ ಕೊಟ್ಟರೆ ಒಂದೇ ಸಮನಾಗಿರುತ್ತವೆ. ಇಡಗುಂಜಿಯ ದೇವರ ಸೀಮೆಯಾದ್ದರಿಂದ ನಮ್ಮಲ್ಲಿ ಗಣಪತಿಗಳಿಗೆ ಬರವಿಲ್ಲ. 'ಗಣಪತಿ' ಎಂಬುದು ಬಹಳ ಉಪಕಾರಿಯಾದ ಹೆಸರು, ಒಂದು ಒತ್ತೂ ಇಲ್ಲ. ಅದೇ ದೇವರು 'ವಿಘ್ನೇಶ್ವರ'ನಾಗಿ ಬಂದರೆ ಎರಡು ಒತ್ತು, ಹೆಸರಿನಲ್ಲೇ ವಿಘ್ನ. 'ಜ್ಯೋತ್ಸ್ನಾ' ಎಂದು ಹೆಸರಿಟ್ಟ ತಾಯಿತಂದೆಯರಿಗೆ ಕೇಕಿನ ಕಲ್ಪನೆಯೇ ಇರಲಿಲ್ಲವೆಂದು ತೋರುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಇಂಗ್ಲಿಷಿನಲ್ಲೇ ಬರೆದುಬಿಡಿ ಎನ್ನುವವರೇ ಹೆಚ್ಚು. ಫೋಟೋ ಬೆಂಗಳೂರಿಗೆ ಹೋಗಬೇಕು, ದುಬೈಗೆ ಹೋಗಬೇಕು. ಕನ್ನಡ ಇದ್ದರೆ ಅಷ್ಟು ಚೆಂದ ಕಾಣುವುದಿಲ್ಲವಂತೆ. ನಾನು ವಾದಕ್ಕೆ ನಿಲ್ಲುತ್ತಿರಲಿಲ್ಲ. ಗಿರಾಕಿಯ ಕೇಕು, ಗಿರಾಕಿಯ ಭಾಷೆ.

ಒಂದು ಸಲ ಭಟ್ಕಳ ಕಡೆಯ ಹುಡುಗನೊಬ್ಬ ಗಲ್ಫಿನಿಂದ ಫೋನು ಮಾಡಿದ. ತಾಯಿಗೆ ಅರವತ್ತು ತುಂಬುತ್ತದೆ, ಕೇಕನ್ನು ಮನೆಗೇ ಮುಟ್ಟಿಸಬೇಕು. 'ಅಕ್ಕಾ, ಅಮ್ಮ ಅಂತ ಬೇಡ, ಹೆಸರೇ ಬರೀರಿ, ಕನ್ನಡದಲ್ಲಿ ಬರೀರಿ. ಅವರು ನಾಲ್ಕನೇತ್ತೆವರೆಗೆ ಮಾತ್ರ ಶಾಲೆಗೆ ಹೋದದ್ದು' ಎಂದ. ನಾನೇ ತೆಗೆದುಕೊಂಡು ಹೋದೆ. ಆಕೆ ಮೀನು ಮಾರಿ ಮಕ್ಕಳನ್ನು ದೊಡ್ಡದು ಮಾಡಿದವರು. ಡಬ್ಬದ ಮುಚ್ಚಳ ತೆಗೆದಾಗ ತುಸು ಹೊತ್ತು ಸುಮ್ಮನೆ ನಿಂತರು. ಆಮೇಲೆ ಬೆರಳನ್ನು ಅಕ್ಷರಕ್ಕೆ ತಾಗಿಸದೆ ಮೇಲೆಮೇಲೆಯೇ ಆಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಓದಿದರು. 'ರೇಷನ್ ಕಾರ್ಡಲ್ಲಿ ಬಿಟ್ರೆ ನನ್ನ ಹೆಸರು ಎಲ್ಲೂ ನೋಡ್ಲಿಲ್ಲ ನಾನು' ಎಂದರು. ಮದುವೆಯ ಕಾಗದದಲ್ಲಿ ಇತ್ತೇನೋ, ಅದು ಯಾವಾಗಲೋ ಗೆದ್ದಲ ಪಾಲಾಗಿತ್ತಂತೆ. ಕತ್ತರಿಸುವ ಹೊತ್ತು ಬಂದಾಗ ಚೂರಿಯನ್ನು ಹೆಸರಿನ ಮೇಲಿಡಲು ಅವರಿಗೆ ಮನಸ್ಸು ಬರಲಿಲ್ಲ. ಅಂಚಿನಿಂದಲೇ ಕೊಯ್ದು ಕೊಯ್ದು ಮನೆಯವರಿಗೂ ಕೇರಿಯ ಮಕ್ಕಳಿಗೂ ಹಂಚಿದರು. ನಡುವಿನ ಹೆಸರಿನ ತುಂಡು ತಟ್ಟೆಯಲ್ಲಿ ಹಾಗೇ ಉಳಿಯಿತು. ಮೂರು ದಿನ ಅದು ಫ್ರಿಜ್ಜಿನಲ್ಲಿತ್ತೆಂದು ಮಗ ಆಮೇಲೆ ಹೇಳಿದ.

ಕೇಕಿನ ಬರಹಕ್ಕೆ ಅಷ್ಟು ಆಯುಷ್ಯ ನಾನು ಬಯಸಿದ್ದಲ್ಲ. ಚೂರಿ ಬರುವ ತನಕ ನಿಂತರೆ ಸಾಕು ಎಂದೇ ನನ್ನ ಲೆಕ್ಕ. ಆದರೆ ಅಂದಿನಿಂದ ಹೆಸರು ಬರೆದುಕೊಳ್ಳುವಾಗ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎಂದು ನಾನೇ ಕೇಳುತ್ತೇನೆ. 'ಯಾವುದಾದ್ರೂ ಅಡ್ಡಿಲ್ಲ' ಎನ್ನುವವರು ನಮ್ಮಲ್ಲಿ ಬಹಳ. ಅವರಿಗೆಲ್ಲ ಕನ್ನಡ.